ಮೂಗರ್ಜಿಗೆ ಬಾಯಿ ಬಂದಾಗ

ಜಿಲ್ಲಾ ಕೇಂದ್ರಗಳಲ್ಲಿ ವರದಿಗಾರರಾಗಿದ್ದವರಿಗೆ ಮೂಗರ್ಜಿಯ ಪರಿಚಯ ಮಾಡಿಕೊಡಬೇಕಿಲ್ಲ. ಕಂದು ಲಕೋಟೆ, ಕಳಿಸಿದವರ ವಿಳಾಸವಿಲ್ಲ, ಒಳಗೆ ಒತ್ತೊತ್ತಾಗಿ ಟೈಪ್ ಮಾಡಿದ ಎರಡು ಹಾಳೆ. ಯಾವ ಎಂಜಿನಿಯರು ಯಾವ ಕಾಮಗಾರಿಯಲ್ಲಿ ಎಷ್ಟು ಪರ್ಸೆಂಟ್ ತಿಂದ ಎಂಬಲ್ಲಿಂದ ಹಿಡಿದು ಯಾರ ಮನೆ ಮುಂದೆ ರಾತ್ರಿ ಯಾರ ಕಾರು ನಿಲ್ಲುತ್ತದೆ ಎಂಬಲ್ಲಿವರೆಗೆ ಎಲ್ಲವೂ ಅದರಲ್ಲಿ. ಸಹಿಯ ಜಾಗದಲ್ಲಿ ‘ನೊಂದ ನೌಕರರು’. ಅದರ ಕೆಳಗೆ ಪ್ರತಿಗಳ ಪಟ್ಟಿ: ಮುಖ್ಯಮಂತ್ರಿಗಳು, ಲೋಕಾಯುಕ್ತರು, ಜಿಲ್ಲಾಧಿಕಾರಿಗಳು, ಕಟ್ಟಕಡೆಗೆ ‘ಎಲ್ಲ ಪತ್ರಿಕೆಗಳ ಸಂಪಾದಕರಿಗೆ’.

ಪಳಗಿದ ವರದಿಗಾರರು ಇದನ್ನು ಓದುವ ಕ್ರಮವೇ ಬೇರೆ. ಪೆನ್ನು ಹಿಡಿದು ಕೂರುತ್ತಾರೆ. ‘ಮಹಾಭ್ರಷ್ಟ’, ‘ನೀಚ’, ‘ಎಲ್ಲರಿಗೂ ಗೊತ್ತಿರುವಂತೆ’ ಇವನ್ನೆಲ್ಲ ದಾಟಿಕೊಂಡು ಹೋಗಿ, ‘ಮಾರ್ಚ್ ಕೊನೆಯ ವಾರದಲ್ಲಿ ಒಂದೇ ಸೇತುವೆಗೆ ಎರಡು ಬಿಲ್ ಪಾಸಾಗಿದೆ’ ಎಂಬಂಥ ಸಾಲು ಸಿಕ್ಕಾಗ ಅದರಡಿ ಗೆರೆ ಎಳೆಯುತ್ತಾರೆ. ಆ ಸಾಲು ನಿಜವೋ ಸುಳ್ಳೋ ಎಂದು ತಿಳಿಯಲು ಬರೆದವರ ಹೆಸರು ಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದು ಸಾಕು. ಸೇತುವೆಯ ಹತ್ತಿರ ಹೋಗಿ ಬಂದರೆ ಇನ್ನೂ ಒಳ್ಳೆಯದು. ಎರಡು ಹಾಳೆಯಲ್ಲಿ ಒಂದೂ ಗೆರೆ ಬೀಳದಿದ್ದರೆ ಲಕೋಟೆ ಡ್ರಾಯರಿಗೆ.

ಸರ್ಕಾರಕ್ಕೆ ಇಷ್ಟು ತಲೆನೋವಿಲ್ಲ. ಹೆಸರಿಲ್ಲದ, ಸುಳ್ಳು ಹೆಸರಿನ ದೂರುಗಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದು ಕೇಂದ್ರ ಜಾಗೃತ ಆಯೋಗ 1999ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತು. ನಮ್ಮ ಲೋಕಾಯುಕ್ತಕ್ಕೆ ದೂರು ಕೊಡುವವರು ಅಫಿಡವಿಟ್ ಲಗತ್ತಿಸಬೇಕು. ಪತ್ರಿಕೆಗೆ ಅಂಥ ಬಾಗಿಲಿಲ್ಲ. ಅಫಿಡವಿಟ್ ಮೇಲೆ ಸಹಿ ಹಾಕಲು ಹೆದರುವವರು ಬಂದು ತಟ್ಟುವುದೇ ಪತ್ರಿಕೆಯ ಬಾಗಿಲನ್ನು.

ಈಗ ಈ ಮೂಗರ್ಜಿಗೆ ಬಾಯಿ ಬಂದಿದೆ. ಇನ್‌ಸ್ಟಾಗ್ರಾಂ, ಎಕ್ಸ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರಿಲ್ಲದ ಖಾತೆಯೊಂದು ಹೆಸರಿರುವ ವ್ಯಕ್ತಿಯ ಮೇಲೆ ಆರೋಪ ಹೊರಿಸುತ್ತದೆ. ವರದಿಗಾರ ಲಕೋಟೆ ಬಿಚ್ಚುವ ಹೊತ್ತಿಗೆ ಊರೆಲ್ಲ ಓದಿ, ತೀರ್ಪು ಕೊಟ್ಟು, ಹಂಚಿ ಆಗಿರುತ್ತದೆ. ‘ಎಲ್ಲರೂ ಮಾತಾಡ್ತಿದಾರೆ, ನಾವೊಬ್ಬರೇ ಸುಮ್ಮನಿರೋದು ಹೇಗೆ?’ ಎಂಬ ಮಾತು ಸಂಜೆಯ ಮೀಟಿಂಗಿನಲ್ಲಿ ಬಂದೇ ಬರುತ್ತದೆ. ಆಗ ಕೈಗೆ ಸಿಗುವ ಸುಲಭದ ಉಪಾಯವೆಂದರೆ ಕನ್ನಡ ಸುದ್ದಿಭಾಷೆಯ ಹಳೆಯ ರಕ್ಷಾಕವಚ: ‘ಎನ್ನಲಾಗಿದೆ’, ‘ಆರೋಪ ಕೇಳಿಬಂದಿದೆ’, ಅದೂ ಸಾಲದಿದ್ದರೆ ತಲೆಬರಹದ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಯಾರು ಎಂದರು, ಎಲ್ಲಿಂದ ಕೇಳಿಬಂತು ಎಂದು ಓದುಗ ಕೇಳುವಂತಿಲ್ಲ.

ಹಾಗಾದರೆ ಇಂಥ ಆರೋಪಗಳನ್ನು ಪತ್ರಕರ್ತರು ಕೈಗೆತ್ತಿಕೊಳ್ಳಬೇಕೇ? ಕೈಗೆತ್ತಿಕೊಳ್ಳಬೇಕು ಎಂದೇ ನನ್ನ ಉತ್ತರ. ಆದರೆ ತನಿಖೆಯೇ ಬೇರೆ, ಸುದ್ದಿಯೇ ಬೇರೆ. ಹತ್ತು ಆರೋಪಗಳ ಬೆನ್ನು ಹತ್ತಿ ಎಂಟನ್ನು ಒಂದಕ್ಷರವೂ ಬರೆಯದೆ ಬಿಟ್ಟ ವರದಿಗಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ತಿರುಗುಮುರುಗು: ಸುದ್ದಿ ಮೊದಲು, ತನಿಖೆ ಆಮೇಲೆ, ಅದೂ ಯಾರಾದರೂ ನೋಟಿಸ್ ಕೊಟ್ಟರೆ.

ಬೆಂಗಳೂರಿನದೇ ಒಂದು ಪ್ರಕರಣ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ‘ಎಥಿಕಲ್ ಎಂಪ್ಲಾಯೀಸ್’ ಎಂದು ಸಹಿ ಹಾಕಿದ ಪತ್ರವೊಂದು ಇನ್ಫೊಸಿಸ್ ಆಡಳಿತ ಮಂಡಳಿಗೆ ಹೋಯಿತು. ಲಾಭವನ್ನು ಹಿಗ್ಗಿಸಿ ತೋರಿಸಲು ಲೆಕ್ಕಪತ್ರದಲ್ಲಿ ಕೈಚಳಕ ನಡೆಯುತ್ತಿದೆ ಎಂಬುದು ಆರೋಪ. ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಗೂ ದೂರು ಮುಟ್ಟಿತು. ಅಕ್ಟೋಬರ್‌ನಲ್ಲಿ ಇದು ಸುದ್ದಿಯಾದಾಗ, 22ನೇ ತಾರೀಕು ಒಂದೇ ದಿನ ಷೇರು ಬೆಲೆ ಸುಮಾರು ಶೇ 16ರಷ್ಟು ಕುಸಿದು, ಹೂಡಿಕೆದಾರರ ಸಂಪತ್ತಿನಲ್ಲಿ 53 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕರಗಿತು. 2020ರ ಜನವರಿಯಲ್ಲಿ ಕಂಪನಿಯ ಲೆಕ್ಕಪರಿಶೋಧನಾ ಸಮಿತಿ, ಆರೋಪಗಳಿಗೆ ಪುರಾವೆ ಸಿಗಲಿಲ್ಲ ಎಂದು ಹೇಳಿತು.

ಪತ್ರಿಕೆಗಳು ಆ ದಿನ ತಪ್ಪು ಮಾಡಿದವೇ? ಪೂರ್ತಿ ಹಾಗೆನ್ನಲಾರೆ. ದೂರು ಬಂದಿದೆ, ಅದನ್ನು ಲೆಕ್ಕಪರಿಶೋಧನಾ ಸಮಿತಿಯ ಮುಂದೆ ಇಡಲಾಗಿದೆ ಎಂದು ಕಂಪನಿಯೇ ಒಪ್ಪಿಕೊಂಡಿತ್ತು. ಅಷ್ಟು ದೊಡ್ಡ ಕಂಪನಿಯಲ್ಲಿ ಅದು ಸುದ್ದಿಯೇ. ಆದರೆ ‘ದೂರು ಬಂದಿದೆ’ ಎಂಬುದು ಒಂದು ಸಂಗತಿ, ‘ದೂರಿನಲ್ಲಿರುವುದು ನಿಜ’ ಎಂಬುದು ಇನ್ನೊಂದು. ಮೊದಲನೆಯದನ್ನು ಖಚಿತಪಡಿಸಿಕೊಂಡ ಧೈರ್ಯದಲ್ಲಿ ಎರಡನೆಯದನ್ನೂ ಸಾಲುಸಾಲಾಗಿ ಅಚ್ಚು ಹಾಕುವ ಚಟ ನಮ್ಮದು.

ಅನಾಮಧೇಯ ಎಂಬ ಪದವನ್ನೂ ನಾವು ಸಡಿಲವಾಗಿ ಬಳಸುತ್ತೇವೆ. ಓದುಗರಿಗೆ ಹೆಸರು ಗೊತ್ತಿಲ್ಲದಿರುವುದು ಒಂದು ಬಗೆ. ವರದಿಗಾರನಿಗೂ ಗೊತ್ತಿಲ್ಲದಿರುವುದು ಇನ್ನೊಂದು. ಮೂರನೆಯದು ಈ ಕಾಲದ್ದು: 2018ರ ಮೀಟೂ ಅಲೆಯಲ್ಲಿ ಕಂಡಂತೆ, ತಮ್ಮ ಹೆಸರು ಬಹಿರಂಗವಾಗಿರುವ ಒಬ್ಬರು ಹತ್ತಾರು ಹೆಸರಿಲ್ಲದವರ ಸಂದೇಶಗಳ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಮೂರಕ್ಕೂ ವರದಿಗಾರನ ಮೊದಲ ಕೆಲಸ ಒಂದೇ. ಆರೋಪ ಹೊರಿಸಿದ ವ್ಯಕ್ತಿಯನ್ನೇ ತಲುಪಿ, ಹೆಸರು ತನಗೆ ಮತ್ತು ಸಂಪಾದಕರಿಗೆ ಮಾತ್ರ ಗೊತ್ತಿರುತ್ತದೆ ಎಂಬ ಒಪ್ಪಂದದ ಮೇಲೆ ಮಾತಾಡಿಸುವುದು. ಸ್ಕ್ರೀನ್‌ಶಾಟ್ ಹಾಕಿದವರ ಜೊತೆ ಮಾತಾಡಿದರೆ ಸಾಲದು; ಅವರಿಗೆ ಗೊತ್ತಿರುವುದು ತಮಗೆ ಬಂದ ಸಂದೇಶವಷ್ಟೇ. ಒಪ್ಪಂದವೂ ಬಾಯಿಮಾತಿನದಾಗಬಾರದು. ಕೋರ್ಟ್ ಕೇಳಿದರೆ ಏನು ಮಾಡುತ್ತೇವೆ ಎಂದು ಮೊದಲೇ ಹೇಳಬೇಕು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಸುದ್ದಿಮೂಲ ಬಹಿರಂಗಪಡಿಸುವಂತೆ ಒತ್ತಾಯಿಸಬಾರದು ಎಂದಿದೆ, ನಿಜ. ಆದರೆ ಆ ರಕ್ಷಣೆ ಪ್ರೆಸ್ ಕೌನ್ಸಿಲ್ ಮುಂದೆ ಮಾತ್ರ. ನ್ಯಾಯಾಲಯದಲ್ಲಿ ಪತ್ರಕರ್ತನಿಗೆ ಅಂಥ ಪ್ರತ್ಯೇಕ ಕಾಯ್ದೆಯ ಆಸರೆ ಭಾರತದಲ್ಲಿ ಇಲ್ಲ.

ಹೆಸರು ಗೊತ್ತಾದ ಮಾತ್ರಕ್ಕೆ ಸತ್ಯ ಗೊತ್ತಾಯಿತು ಎಂದೂ ಅಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದಲ್ಲಿ, ಶವಗಳನ್ನು ಹೂತಿದ್ದೇನೆ ಎಂದು ಹೇಳಿ ಮುಸುಕು ಹಾಕಿಕೊಂಡು ಬಂದ ದೂರುದಾರನನ್ನು ಮಾಧ್ಯಮಗಳು ‘ಅನಾಮಿಕ’ ಎಂದೇ ಕರೆದವು. ವಾಸ್ತವದಲ್ಲಿ ಆತ ಪೊಲೀಸರಿಗೆ ದೂರು ಕೊಟ್ಟು, ನ್ಯಾಯಾಧೀಶರ ಮುಂದೆ ಹೇಳಿಕೆ ದಾಖಲಿಸಿದ್ದ. ಹೆಸರು ಗೊತ್ತಿಲ್ಲದಿದ್ದುದು ನಮಗೆ, ವ್ಯವಸ್ಥೆಗಲ್ಲ. ಆಗಸ್ಟ್‌ನಲ್ಲಿ ತನಿಖೆ ನಡೆಸುತ್ತಿದ್ದ ಎಸ್‌ಐಟಿಯೇ ಆತನನ್ನು ಬಂಧಿಸಿತು. ಈ ಎರಡು ತಿಂಗಳಲ್ಲಿ ಕೆಲವು ಚಾನೆಲ್‌ಗಳು, ಯೂಟ್ಯೂಬರ್‌ಗಳು ಒಂದು ದಿನ ಆತನ ಪ್ರತಿ ಮಾತನ್ನೂ ನಂಬಿ, ಮರುದಿನ ಒಂದನ್ನೂ ನಂಬದ ಪರಿ ನೆನಪಿರಬಹುದು. ಎರಡೂ ದಿನ ಗುದ್ದಲಿ ಹಿಡಿದದ್ದು ಬೇರೆಯವರು.

ತನಿಖೆ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಅಮೆರಿಕದ ಒಂದು ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2014ರ ನವೆಂಬರ್‌ನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತೆನ್ನಲಾದ ಸಾಮೂಹಿಕ ಅತ್ಯಾಚಾರದ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ವಿದ್ಯಾರ್ಥಿನಿಯ ಪೂರ್ತಿ ಹೆಸರು ಓದುಗರಿಗೆ ಹೇಳಿರಲಿಲ್ಲ. ವರದಿಗಾರ್ತಿಗೆ ಗೊತ್ತಿತ್ತು, ತಿಂಗಳುಗಟ್ಟಲೆ ಮಾತಾಡಿಸಿದ್ದರು. ಆ ರಾತ್ರಿ ಆಕೆಯನ್ನು ಭೇಟಿಯಾದ ಮೂವರು ಗೆಳೆಯರು ಹೀಗೆ ಹೇಳಿದರು, ಹಾಗೆ ಹೇಳಿದರು ಎಂದೆಲ್ಲ ಲೇಖನದಲ್ಲಿತ್ತು. ಆದರೆ ಆ ಮೂವರಲ್ಲಿ ಒಬ್ಬರನ್ನೂ ವರದಿಗಾರ್ತಿ ಮಾತಾಡಿಸಿರಲಿಲ್ಲ. ಅವರ ಮಾತುಗಳೆಲ್ಲ ದೂರುದಾರಳ ಬಾಯಿಂದಲೇ ಬಂದವು. ದಾಳಿಯ ಮುಂದಾಳು ಎನ್ನಲಾದ ಯುವಕ ಯಾರೆಂದು ಪತ್ತೆ ಮಾಡಿರಲಿಲ್ಲ. ಘಟನೆ ನಡೆಯಿತೆಂದ ವಿದ್ಯಾರ್ಥಿ ಸಂಘಕ್ಕೆ ತಾರೀಕು, ವಿವರ ಯಾವುದನ್ನೂ ಕೊಡದೆ ‘ಆರೋಪಗಳ ಬಗ್ಗೆ ಏನು ಹೇಳುತ್ತೀರಿ’ ಎಂದಷ್ಟೇ ಕೇಳಲಾಗಿತ್ತು. ‘ವಾಷಿಂಗ್ಟನ್ ಪೋಸ್ಟ್’ ಆ ಗೆಳೆಯರನ್ನು ಹುಡುಕಿ ಮಾತಾಡಿಸಿದಾಗ ಕಥೆ ಕುಸಿಯಿತು. ಕೊಲಂಬಿಯಾ ಪತ್ರಿಕೋದ್ಯಮ ಶಾಲೆ 2015ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಈ ಲೋಪಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ಪತ್ರಿಕೆ ಲೇಖನವನ್ನೇ ಹಿಂತೆಗೆದುಕೊಂಡಿತು. ಮರುವರ್ಷ ಜ್ಯೂರಿಯೊಂದು ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರಿಗೆ 30 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು.

ಎಲ್ಲಕ್ಕಿಂತ ದೊಡ್ಡ ನಷ್ಟ ಆದದ್ದು ನಿಜವಾಗಿ ದೌರ್ಜನ್ಯಕ್ಕೆ ಒಳಗಾಗಿ ಮಾತಾಡಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳಿಗೆ. ಸಂತ್ರಸ್ತೆಯ ಮೇಲಿನ ಮರುಕದಿಂದ ಗಟ್ಟಿ ಪ್ರಶ್ನೆ ಕೇಳದೆ ಬಿಟ್ಟರೆ, ಆ ಪ್ರಶ್ನೆಯನ್ನು ನಾಳೆ ಎದುರಾಳಿಯ ವಕೀಲ ಕೇಳುತ್ತಾನೆ. ಅವನಿಗೆ ಮರುಕವಿರುವುದಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ದೂರು ಕೊಟ್ಟವರ ಪರವಾಗಿಯೂ ಇದೆ.

ಅದೇ ಕೆಲಸ ಸರಿಯಾಗಿ ನಡೆದರೆ ಹೇಗಿರುತ್ತದೆ? 2016ರ ಅಕ್ಟೋಬರ್‌ನಲ್ಲಿ ನಟಿ ರೋಸ್ ಮೆಕ್‌ಗೋವನ್ ಸ್ಟುಡಿಯೊ ಮುಖ್ಯಸ್ಥನೊಬ್ಬ ತನ್ನ ಮೇಲೆ ಅತ್ಯಾಚಾರ ಎಸಗಿದ್ದನೆಂದು ಟ್ವೀಟ್ ಮಾಡಿದ್ದರು. ಅಲ್ಲಿ ಹೆಸರಿಲ್ಲದಿದ್ದದ್ದು ಆರೋಪಿಗೆ. ಮರುವರ್ಷ ‘ನ್ಯೂಯಾರ್ಕ್ ಟೈಮ್ಸ್’ನ ಜೋಡಿ ಕ್ಯಾಂಟರ್ ಮತ್ತು ಮೇಗನ್ ಟೂಹಿ ಆ ಟ್ವೀಟನ್ನು ‘ಎನ್ನಲಾಗಿದೆ’ ಎಂದು ಮುದ್ರಿಸಲು ಹೋಗಲಿಲ್ಲ. ತಿಂಗಳುಗಟ್ಟಲೆ ಅಲೆದು, ಒಳಗಿನ ಇಮೇಲ್, ಕಚೇರಿಯ ಮೆಮೊ, ಹಣ ಕೊಟ್ಟು ಬಾಯಿ ಮುಚ್ಚಿಸಿದ ಒಪ್ಪಂದಗಳ ಜಾಡು ಹಿಡಿದರು. 2017ರ ಅಕ್ಟೋಬರ್ 5ರಂದು ಆ ಸ್ಟುಡಿಯೊ ಮುಖ್ಯಸ್ಥ ಹಾರ್ವೆ ವೈನ್‌ಸ್ಟೈನ್ ಕುರಿತ ವರದಿ ಪ್ರಕಟವಾದಾಗ ಅದರಲ್ಲಿ ಕನಿಷ್ಠ ಎಂಟು ರಾಜಿ ಒಪ್ಪಂದಗಳ ಪ್ರಸ್ತಾಪವಿತ್ತು. ನೆನಪನ್ನು ಅಲ್ಲಗಳೆಯಬಹುದು, ಚೆಕ್ಕನ್ನು ಅಲ್ಲಗಳೆಯುವುದು ಕಷ್ಟ.

ದಾಖಲೆಯಿಲ್ಲದ ಕಡೆ ಅದೇ ಕಾಲದ ಸಾಕ್ಷಿ ನೆರವಿಗೆ ಬರುತ್ತದೆ. ಅಕ್ಕನಿಗೋ ರೂಮ್‌ಮೇಟ್‌ಗೋ ಆಗಲೇ ಹೇಳಿದ್ದರೇ? ಅಂದು ಕಳಿಸಿದ ಮೆಸೇಜ್ ಇದೆಯೇ? ಆ ಅಕ್ಕನನ್ನು ಬೇರೆಯಾಗಿ, ದೂರುದಾರರು ಜೊತೆಗಿಲ್ಲದಾಗ ಮಾತಾಡಿಸಬೇಕು. ಆ ದಿನ ಊರಲ್ಲಿದ್ದುದಕ್ಕೆ ಬಸ್ ಟಿಕೆಟ್ಟು, ಹಾಜರಿ ಪುಸ್ತಕ ಏನಾದರೂ ಇದೆಯೇ ಎಂದು ನೋಡಬೇಕು.

ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ, ಸಾಕ್ಷಿಯ ಫೋಟೊ. ಬ್ರೌಸರಿನಲ್ಲಿ ಎರಡು ಗುಂಡಿ ಒತ್ತಿದರೆ ಯಾವ ಪುಟದ ಮೇಲೂ ಯಾವ ಮಾತನ್ನೂ ಬರೆದು ಚಿತ್ರ ತೆಗೆಯಬಹುದು. ನಕಲಿ ವಾಟ್ಸ್‌ಆ್ಯಪ್ ಸಂಭಾಷಣೆ ಹುಟ್ಟಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಆದ್ದರಿಂದ ಮೂಲ ಫೋನ್ ನೋಡಬೇಕು, ಆ ಸಂಭಾಷಣೆಯನ್ನು ಕಣ್ಣೆದುರೇ ಮೇಲಿನಿಂದ ಕೆಳಗೆ ಎಳೆದು ತೋರಿಸಲು ಕೇಳಬೇಕು. ಮುಂದೆ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಸಂಭಾಷಣೆ ಅಳಿಸಿಹೋದ ಫೋನಿಗೆ ಆ ಪತ್ರ ಎಲ್ಲಿಂದ ತರುವುದು?

ದೆಹಲಿಯಲ್ಲಿ 2020ರ ಮೇ ತಿಂಗಳಲ್ಲಿ ‘ಬಾಯ್ಸ್ ಲಾಕರ್ ರೂಮ್’ ಎಂಬ ಇನ್‌ಸ್ಟಾಗ್ರಾಂ ಗುಂಪಿನ ಸ್ಕ್ರೀನ್‌ಶಾಟ್‌ಗಳು ಹರಿದಾಡಿದವು. ಗುಂಪು ನಿಜವೇ ಆಗಿತ್ತು, ಹುಡುಗಿಯರ ಚಿತ್ರಗಳ ಬಗ್ಗೆ ಅಲ್ಲಿ ನಡೆದ ಹೊಲಸು ಮಾತೂ ನಿಜ. ಆದರೆ ದೇಶವನ್ನೇ ನಡುಗಿಸಿದ, ಅತ್ಯಾಚಾರದ ಯೋಜನೆಯಂತೆ ಕಂಡ ಒಂದು ಸಂಭಾಷಣೆ ಆ ಗುಂಪಿನದ್ದೇ ಅಲ್ಲ, ಸ್ನ್ಯಾಪ್‌ಚಾಟ್‌ನಲ್ಲಿ ಹುಡುಗಿಯೊಬ್ಬಳು ಹುಡುಗನ ಹೆಸರಿನಲ್ಲಿ ನಡೆಸಿದ್ದು ಎಂದು ಪೊಲೀಸರು ಪತ್ತೆ ಹಚ್ಚಿದರು. ನಿಜದ ಹತ್ತು ಚಿತ್ರಗಳ ನಡುವೆ ಸಂಬಂಧವಿಲ್ಲದ ಒಂದು ಸೇರಿಕೊಂಡಿತ್ತು. ಅದೇ ದಿನಗಳಲ್ಲಿ ಗುರುಗ್ರಾಮದಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಆರೋಪ ಎದುರಿಸಿದ 17 ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಅಪ್ರಾಪ್ತರ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸಿವೆ. ಕಾನೂನು ಇಲ್ಲದಿದ್ದರೂ ಆ ಹೆಸರುಗಳು ನಮಗೆ ಬೇಡ.

ಕಾನೂನಿನ ಬಗ್ಗೆ ಎರಡು ಮಾತು. ಬೇರೆಯವರು ಹೇಳಿದ್ದನ್ನು ನಾವು ಮರಳಿ ಹೇಳಿದೆವಷ್ಟೆ ಎಂಬುದು ಮಾನನಷ್ಟ ಮೊಕದ್ದಮೆಯಲ್ಲಿ ಸಮರ್ಥನೆ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಹೇಳಿದ್ದು ನಿಜ ಎಂದು ಸಾಬೀತುಪಡಿಸಿದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದೂ ತೋರಿಸಬೇಕು. ಅನಾಮಧೇಯತೆಯೂ ಅಭೇದ್ಯ ಕೋಟೆಯೇನಲ್ಲ. ಕಲಾಲೋಕದ ಕಿರುಕುಳದ ಆರೋಪಗಳನ್ನು ಪ್ರಕಟಿಸುತ್ತಿದ್ದ ಇನ್‌ಸ್ಟಾಗ್ರಾಂ ಖಾತೆಯೊಂದರ ವಿರುದ್ಧ ಖ್ಯಾತ ಕಲಾವಿದರೊಬ್ಬರು ದಾವೆ ಹೂಡಿದಾಗ, 2019ರಲ್ಲಿ ದೆಹಲಿ ಹೈಕೋರ್ಟ್ ಆ ಪೋಸ್ಟುಗಳನ್ನು ತೆಗೆಸಿ, ಖಾತೆಯ ಹಿಂದಿರುವವರ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದಿತು. ಪ್ರಕರಣ ಮುಂದೆ ರಾಜಿಯಲ್ಲಿ ಮುಗಿಯಿತು. ಮೂಗರ್ಜಿ ಮತ್ತೆ ಲಕೋಟೆಗೇ ಬಂತು ನೋಡಿ.

ಎಲ್ಲ ಆರೋಪಗಳಿಗೂ ಇಷ್ಟು ಶ್ರಮ ಬೇಕಿಲ್ಲ. ಆರೋಪಿಗೆ ಬೇರೆಯವರ ಮೇಲೆ ಅಧಿಕಾರವಿದೆಯೇ ಎಂದು ಮೊದಲು ಕೇಳಿಕೊಳ್ಳುತ್ತೇನೆ: ಅಧಿಕಾರಿ, ಶಾಸಕ, ಮೇಷ್ಟ್ರು, ಮಠಾಧೀಶ, ನಿರ್ದೇಶಕ, ಕಂಪನಿ. ಗಂಡಹೆಂಡಿರ ಜಗಳ, ಸಾಲದ ತಕರಾರು, ಅಪಾರ್ಟ್‌ಮೆಂಟ್ ಸಂಘದ ಕಿತ್ತಾಟ ಎಷ್ಟೇ ವೈರಲ್ ಆಗಲಿ, ಅವು ಪೊಲೀಸರ ಅಥವಾ ನೆಂಟರಿಷ್ಟರ ಪಾಲಿಗೆ.

ತನಿಖೆಯ ಕೊನೆಗೆ ಬರುವುದು ಎದುರು ಪಕ್ಷದ ಮಾತು. ರಾತ್ರಿ ಒಂಬತ್ತಕ್ಕೆ ಎರಡು ಸಲ ಫೋನ್ ಮಾಡಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವುದು ಶಾಸ್ತ್ರ ಮುಗಿಸುವ ಕೆಲಸ. ಯಾವ ದಿನ, ಯಾವ ಜಾಗ, ಯಾವ ದಾಖಲೆ ಎಂದು ಬಿಡಿಬಿಡಿಯಾಗಿ ಬರೆದು ಕಳಿಸಿ, ಒಂದೆರಡು ದಿನವಾದರೂ ಸಮಯ ಕೊಟ್ಟರೆ ಎಷ್ಟೋ ಸಲ ಸುದ್ದಿಯೇ ಬದಲಾಗುತ್ತದೆ. ದೂರುದಾರರ ಗುರುತು ಆ ಪ್ರಶ್ನೆಗಳಿಂದಲೇ ಬಯಲಾಗದಂತೆ ಬರೆಯುವುದೇ ಇಲ್ಲಿನ ಕಸುಬು.

ಇಷ್ಟೆಲ್ಲ ಆದಮೇಲೂ ಗಟ್ಟಿಯಾಗಿ ಏನೂ ಸಿಗದಿದ್ದರೆ ದೂರು ಹೇಳಿದವರಿಗೆ ಫೋನ್ ಮಾಡಿ, ಬರೆಯುತ್ತಿಲ್ಲ, ಇಂತಿಂಥ ಕಾರಣ ಎಂದು ತಿಳಿಸಬೇಕು. ನಮ್ಮ ಸುದ್ದಿಮನೆಗಳಲ್ಲಿ ಇದನ್ನು ಮಾಡುವವರನ್ನು ನಾನು ಹೆಚ್ಚು ಕಂಡಿಲ್ಲ. ಆಮೇಲೆ ಕಡತದ ಮೇಲೆ ತಾರೀಕು, ಯಾರನ್ನು ಮಾತಾಡಿಸಿದೆ, ಏನಂದರು, ಏನು ಬಾಕಿ ಎಂದು ಬರೆದಿಟ್ಟು ಡ್ರಾಯರಿಗೆ ಹಾಕಬೇಕು. ಎರಡು ವರ್ಷ ಬಿಟ್ಟು ಬೇರೆ ಖಾತೆ, ಬೇರೆ ಊರು, ಅದೇ ಹೆಸರು, ಅದೇ ಸೇತುವೆ ಎದುರಾದಾಗ ಗೆರೆ ಎಳೆದ ಆ ಹಳೆಯ ಸಾಲು ಎಲ್ಲಿದೆ ಎಂದು ಹುಡುಕುವಂತಾಗಬಾರದು.