ನೀರಿಗಿಳಿದ ಮಂಡಿ

ಚಾಮುಂಡಿ ಬೆಟ್ಟದ 1,000 ಮೆಟ್ಟಿಲು ಇಳಿಯುವಾಗ ನೋಯುವ ಮಂಡಿ,
ಸರಸ್ವತಿಪುರಂನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ
ಏಕೆ ತಕರಾರು ಮಾಡುವುದಿಲ್ಲ?

ನೀರಿಗಿಳಿದ ದೇಹವು ಎಷ್ಟು ನೀರನ್ನು ಸರಿಸುತ್ತದೆಯೋ,
ಅಷ್ಟು ನೀರಿನ ತೂಕಕ್ಕೆ ಸಮನಾದ ಬಲವು ಅದನ್ನು ಮೇಲಕ್ಕೆತ್ತುತ್ತದೆ;
ಪ್ಲವನ ಬಲವೆಂದು ಕರೆಯಲಾಗುವ ಇದರಿಂದಾಗಿ,
ಎದೆಮಟ್ಟದ ನೀರಿನಲ್ಲಿ ನಿಂತವರ ಕಾಲುಗಳ ಮೇಲೆ
ದೇಹದ ತೂಕದ ಸುಮಾರು ಮೂರನೇ ಒಂದು ಭಾಗ ಮಾತ್ರ ಬೀಳುತ್ತದೆ,
ಉಸಿರು ತುಂಬಿಕೊಂಡು ಅಂಗಾತ ಮಲಗಿದರಂತೂ
ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ಮೈ ತೇಲುತ್ತದೆ.

ಹಾಗೆಂದು ಈಜು ಸುಲಭದ ವ್ಯಾಯಾಮವಲ್ಲ.
ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾಗಿರುವುದರಿಂದ
ತೋಳಿನ ಪ್ರತಿ ಬೀಸಿಗೂ ಅದು ಅಡ್ಡ ನಿಲ್ಲುತ್ತದೆ;
ಮುಖ ನೀರೊಳಗಿರುವಾಗ ಉಸಿರು ಬಿಟ್ಟು,
ತಲೆ ಹೊರಳಿಸಿದ ಅರೆಕ್ಷಣದಲ್ಲೇ ಎಳೆದುಕೊಳ್ಳಬೇಕಾದ ಫ್ರೀಸ್ಟೈಲ್‌ನಲ್ಲಿ
ಹೊಸಬರು ಒಂದೇ ಸುತ್ತಿಗೆ ಏದುಸಿರು ಬಿಡುವುದು ಸಹಜ.

ಇಂಥ ನೀರನ್ನು ಸೀಳಿಯೇ ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್,
ಅಂಗಾತ ಈಜುವ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು
2021ರಲ್ಲಿ ರೋಮ್‌ನಲ್ಲಿ 53.77 ಸೆಕೆಂಡಿನಲ್ಲಿ ಮುಗಿಸಿ
ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು.

ಈಜಿನ ಒಂದು ಕೊರತೆಯನ್ನು ಮಾತ್ರ ಒಪ್ಪಲೇಬೇಕು:
ಮೂಳೆ ಗಟ್ಟಿಯಾಗುವುದು ಭಾರ ಹೊತ್ತಾಗ, ನೀರಿನಲ್ಲಿ ಆ ಭಾರವೇ ಕಡಿಮೆ,
ಆದುದರಿಂದ ಈಜುವವರೂ ವಾರದಲ್ಲಿ ಒಂದೆರಡು ದಿನ
ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುವುದು ಒಳ್ಳೆಯದು.