ತಿಮಿಂಗಿಲ ಮತ್ತು ಬೊಂಡಾಸ: ಬಂಡವಾಳದ ಎರಡು ಬಗೆ

ದೊಡ್ಡದೆಲ್ಲವೂ ಭದ್ರ, ಬೇಗ ತಿರುಗುವುದೆಲ್ಲವೂ ಲಾಭಕರ ಎಂಬ ಎರಡು ನಂಬಿಕೆಗಳು ವರ್ತಕರಲ್ಲಿ ರೂಢಿಯಲ್ಲಿವೆ. ಇವುಗಳನ್ನು ಪರೀಕ್ಷಿಸಲು ಸಮುದ್ರದ ಎರಡು ಜೀವಿಗಳು ತಕ್ಕ ನಿದರ್ಶನಗಳಾಗಿವೆ. ಒಂದು, ಉತ್ತರ ಧ್ರುವ ಸಾಗರದ ಬೋಹೆಡ್ ತಿಮಿಂಗಿಲ; ಇನ್ನೊಂದು, ನಮ್ಮ ಮಲ್ಪೆ, ಮಂಗಳೂರು ಬಂದರುಗಳಿಗೆ ಬಂದು ಹೊರದೇಶಗಳಿಗೆ ರಫ್ತಾಗುವ ಬೊಂಡಾಸ.

ಬೋಹೆಡ್ ತಿಮಿಂಗಿಲವು ಮರಿಗೆ ಹಾಲೂಡುವ ಸಸ್ತನಿ. ಸುಮಾರು 18 ಮೀಟರ್ ಉದ್ದ ಬೆಳೆಯುತ್ತದೆ. ಪ್ರಾಯಕ್ಕೆ ಬರಲು ಸುಮಾರು 25 ವರ್ಷಗಳು ಬೇಕು. ಅನಂತರ ಮೂರು ನಾಲ್ಕು ವರ್ಷಗಳಿಗೆ ಒಂದೇ ಮರಿ. ಆಯುಷ್ಯವು 200 ವರ್ಷಗಳನ್ನು ಮೀರಬಹುದು. 2007ರಲ್ಲಿ ಅಲಾಸ್ಕಾದಲ್ಲಿ ಸಿಕ್ಕ ಒಂದರ ದೇಹದಲ್ಲಿ 1880ರ ಸುಮಾರಿನ ಈಟಿಯ ಚೂರು ದೊರೆತಿತ್ತು.

ಬೊಂಡಾಸವು ಎಲುಬಿಲ್ಲದ ಮೃದ್ವಂಗಿ, ಬಸವನಹುಳುವಿನ ದೂರದ ಬಂಧು. ಅದಕ್ಕೆ ಮೂರು ಹೃದಯಗಳು. ನೀರನ್ನು ರಭಸವಾಗಿ ಚಿಮ್ಮಿಸಿ ಚಲಿಸುತ್ತದೆ. ಅದರ ಬಾಳು ಸುಮಾರು ಒಂದು ವರ್ಷ. ಮೊಟ್ಟೆಗಳನ್ನಿಟ್ಟ ಬಳಿಕ ಹೆಚ್ಚು ಕಾಲ ಬದುಕದು.

ತಿಮಿಂಗಿಲದ ಹಿಂಡಿನಲ್ಲಿ ಹಲವು ತಲೆಮಾರುಗಳು ಒಟ್ಟಿಗಿರುವುದರಿಂದ ಒಂದು ಕೆಟ್ಟ ವರ್ಷ ಅದನ್ನು ಕದಲಿಸದು. ಆದರೆ ಮೂಲಧನ ಕರಗಿದರೆ ಮರಳಿ ಕೂಡುವುದು ದುಸ್ತರ. 17ನೆಯ ಶತಮಾನದಿಂದ ಡಚ್ಚರೂ ಆಂಗ್ಲರೂ ಎಣ್ಣೆಗಾಗಿ ಸ್ಪಿಟ್ಸ್‌ಬರ್ಗನ್ ಸಮುದ್ರದಲ್ಲಿ ಇವುಗಳನ್ನು ಬೇಟೆಯಾಡಿದರು. ಬೇಟೆ ನಿಂತು ಶತಮಾನವೇ ಕಳೆದರೂ ಆ ಹಿಂಡು ಹಿಂದಿನ ಸಂಖ್ಯೆಗೆ ಮರಳಿಲ್ಲ.

ಬೊಂಡಾಸದ ಸ್ಥಿತಿ ಬೇರೆ. ಕಳೆದ ವರ್ಷದ ಉಳಿತಾಯವೆಂಬುದೇ ಅದಕ್ಕಿಲ್ಲ; ಈ ವರ್ಷದ ಮೊಟ್ಟೆಯೇ ಮುಂದಿನ ವರ್ಷದ ದಾಸ್ತಾನು. ನಮ್ಮ ಕಬ್ಬನ್ನು ಕಡಿದರೆ ಕುಳೆ ಚಿಗುರುತ್ತದೆ, ಬೊಂಡಾಸಕ್ಕೆ ಕುಳೆಯಿಲ್ಲ. ಅದರ ಬಳಗದ ಕಟಲ್‌ಫಿಶ್ ಮೊಟ್ಟೆಯಿಡಲು ಬರುವಂತೆ ಕರ್ನಾಟಕದ ಕರಾವಳಿಯಲ್ಲಿ ತೆಂಗಿನ ಗರಿ ಮುಂತಾದವನ್ನು ಮುಳುಗಿಸಿಟ್ಟು ಹಿಡಿಯುವ ಪದ್ಧತಿ ಹಬ್ಬಿದಾಗ, 2010ರ ದಶಕದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಬೀಜವನ್ನೇ ಮಾರಿದಂತಾಗುವುದೆಂಬುದು ಅವರ ಆತಂಕ.

ಮೂಡಲಗಿಯ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇದರಲ್ಲಿ ಪಾಠವಿದೆ. ಗಾಣ, ಕೊಪ್ಪರಿಗೆ, ಕಟ್ಟಡ, ಹಳೆಯ ಗಿರಾಕಿಗಳ ವಿಶ್ವಾಸ ಇವು ತಿಮಿಂಗಿಲದ ಜಾತಿಯವು. ಒಂದು ಹಂಗಾಮಿನ ನಷ್ಟವನ್ನು ತಾಳಿಕೊಳ್ಳುತ್ತವೆ. ಆದರೆ ಅವನ್ನು ಮಾರಿ ದಿನದ ಖರ್ಚು ತೂಗಿಸಿದರೆ ಮರಳಿ ಕಟ್ಟಲು ಒಂದು ತಲೆಮಾರು ಬೇಕಾದೀತು. ಬೆಲ್ಲದ ದಾಸ್ತಾನು, ಕೈಯಲ್ಲಿನ ರೊಕ್ಕ, ಉದರಿ ವಸೂಲಿ ಇವು ಬೊಂಡಾಸದ ಜಾತಿಯವು. ಬೇಗ ತಿರುಗಿ ಬೇಗ ಬೆಳೆಯುತ್ತವೆ. ಆದರೆ ಮುಂದಿನ ಸರಕಿನ ಹಣವನ್ನು ತೆಗೆದಿರಿಸದಿದ್ದರೆ ಒಂದೇ ಹಂಗಾಮಿನಲ್ಲಿ ಬರಿದಾಗುತ್ತವೆ.

ಆದ್ದರಿಂದ ಕಿರ್ದಿ ಖಾತೆಯನ್ನು ತೆರೆದಾಗ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಯಾವುದು ನಿಧಾನವಾಗಿ ಕೂಡುವಂಥದು, ಯಾವುದಕ್ಕೆ ಪ್ರತಿವರ್ಷ ಬೀಜ ಉಳಿಸಬೇಕು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳುವುದು ಜಾಣತನ.