‘ಎಫ್’ ನಮೂನೆ: ವೈದ್ಯರ ಸಿಟ್ಟು, ಗರ್ಭದ ಗುಟ್ಟು

ತಿಕೋಟಾ, ಬಬಲೇಶ್ವರದ ಕಡೆಯ ಬಸುರಿ ಹೆಣ್ಣುಮಗಳು ತಾಯಿ ಕಾರ್ಡು ಹಿಡಿದುಕೊಂಡು ವಿಜಯಪುರದ ಸ್ಕ್ಯಾನಿಂಗ್ ಕೇಂದ್ರಕ್ಕೆ ಬಂದರೆ ಮೊದಲು ಎದುರಾಗುವುದು ಯಂತ್ರವಲ್ಲ, ಒಂದು ಕಾಗದ. ಹೆಸರು, ವಯಸ್ಸು, ಗಂಡ ಅಥವಾ ತಂದೆಯ ಹೆಸರು, ಪೂರ್ತಿ ವಿಳಾಸ, ಕೊನೆಯ ಮುಟ್ಟಿನ ದಿನ, ಕಳಿಸಿದ ವೈದ್ಯರು ಯಾರು, ಯಾವ ಕಾರಣಕ್ಕೆ ಕಳಿಸಿದರು, ಈಗಾಗಲೇ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು ಎಂಬೆಲ್ಲ ವಿವರಗಳನ್ನು ಅದರಲ್ಲಿ ತುಂಬಬೇಕು. ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ತನಗಿಲ್ಲವೆಂದು ಆಕೆ ಬರೆದುಕೊಡಬೇಕು. ತಾನು ಅದನ್ನು ಪತ್ತೆ ಮಾಡಿಲ್ಲ, ಯಾರಿಗೂ ಹೇಳಿಲ್ಲ ಎಂದು ವೈದ್ಯರೂ ಸಹಿ ಹಾಕಬೇಕು. ಇದೇ ‘ಎಫ್’ ನಮೂನೆ. ದೇಶದ ಸ್ಕ್ಯಾನಿಂಗ್ ವೈದ್ಯರನ್ನು ಇದರಷ್ಟು ಕೆರಳಿಸಿದ ಕಾಗದ ಇನ್ನೊಂದಿರಲಾರದು.

ಈ ಕಾಗದಕ್ಕೊಂದು ಇತಿಹಾಸವಿದೆ. ಗರ್ಭದಲ್ಲಿನ ದೋಷಗಳನ್ನು ಕಂಡುಹಿಡಿಯಲೆಂದು ಬಂದ ಪರೀಕ್ಷೆಗಳು ನಮ್ಮಲ್ಲಿ ಹೆಣ್ಣು ಭ್ರೂಣವನ್ನು ಕಂಡುಹಿಡಿದು ತೆಗೆಸುವ ಸಾಧನಗಳಾದವು. 1988ರಲ್ಲಿ ಮಹಾರಾಷ್ಟ್ರ ಇದರ ವಿರುದ್ಧ ಮೊದಲ ಕಾನೂನು ತಂದಿತು. 1994ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ 1996ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೆ ಕಾಯ್ದೆ ಪುಸ್ತಕದಲ್ಲೇ ಉಳಿಯಿತೆಂದು 2000ದಲ್ಲಿ ಸ್ವಯಂಸೇವಾ ಸಂಸ್ಥೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು. 2003ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಹಿಡಿತ ಬಿಗಿಯಾಯಿತು.

ಬಿಗಿಯೆಂದರೆ ಎಷ್ಟು? ನಮೂನೆಯಲ್ಲಿ ಯಾವುದೇ ಕೊರತೆ ಅಥವಾ ತಪ್ಪು ಕಂಡುಬಂದರೆ ಅದು ಲಿಂಗ ಪತ್ತೆಗೆ ಸಂಬಂಧಿಸಿದ ನಿಯಮಗಳ ಉಲ್ಲಂಘನೆಯೆಂದೇ ಎಣಿಕೆ. ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ವೈದ್ಯರದು. ಮೊದಲ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ನ್ಯಾಯಾಲಯ ದೋಷಾರೋಪ ಹೊರಿಸಿದರೆ ತೀರ್ಪು ಬರುವವರೆಗೆ ವೈದ್ಯಕೀಯ ನೋಂದಣಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ. ಯಂತ್ರಕ್ಕೆ ಮೊಹರು ಹಾಕುವ ಅಧಿಕಾರ ಅಧಿಕಾರಿಗಳಿಗಿದೆ.

ವೈದ್ಯರ ಸಿಟ್ಟು ಇಲ್ಲಿಯೇ. ಲಿಂಗ ಪತ್ತೆ ಮಾಡಿ ಹಣ ಎಣಿಸುವವನನ್ನೂ, ಗಡಿಬಿಡಿಯಲ್ಲಿ ಒಂದು ಕಲಂ ಖಾಲಿ ಬಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಈ ಪ್ರಶ್ನೆ ಮುಂದಿಟ್ಟು 2016ರ ಸೆಪ್ಟೆಂಬರ್ 1ರಂದು ರೇಡಿಯಾಲಜಿ ತಜ್ಞರು ದೇಶದಾದ್ಯಂತ ಮುಷ್ಕರ ಹೂಡಿದರು.

ನಮ್ಮ ಭಾಗದಲ್ಲಿ ತಪ್ಪು ನುಸುಳಲು ದಾರಿಗಳು ಬೇಕಾದಷ್ಟಿವೆ. ಚೊಚ್ಚಲು ಬಸುರಿ ತವರಿಗೆ ಬಂದಿರುತ್ತಾಳೆ. ವಿಳಾಸ ತವರಿನದೋ ಗಂಡನ ಮನೆಯದೋ? ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ತಿಕೋಟಾ, ಬಬಲೇಶ್ವರ ಅದರ ನಂತರ ಪ್ರತ್ಯೇಕ ತಾಲ್ಲೂಕುಗಳಾದವು. ಹಳೆಯ ಗುರುತಿನ ಚೀಟಿ ಒಂದು ಹೇಳಿದರೆ ಹೊಸ ದಾಖಲೆ ಇನ್ನೊಂದು ಹೇಳಬಹುದು. ಗಡಿಯಾಚೆಯ ಜತ್ತದಿಂದ ಬಂದವರ ದಾಖಲೆ ಮರಾಠಿಯಲ್ಲಿರುತ್ತದೆ.

ವೈದ್ಯರ ಈ ದೂರು ಕಡೆಗೆ ಸುಪ್ರೀಂ ಕೋರ್ಟಿಗೇ ಹೋಯಿತು. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಖಿಲ ಭಾರತ ಒಕ್ಕೂಟ ಹೂಡಿದ್ದ ಅರ್ಜಿಯನ್ನು 2019ರ ಮೇ 3ರಂದು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ತಳ್ಳಿಹಾಕಿತು. ನಮೂನೆ ತುಂಬುವುದು ಬರೀ ಗುಮಾಸ್ತಿಕೆಯಲ್ಲ, ಸ್ಕ್ಯಾನಿಂಗ್ ಮಾಡಲು ಅದೇ ಮುಖ್ಯ ಷರತ್ತು ಎಂಬುದು ತೀರ್ಪಿನ ತಿರುಳು.

ನ್ಯಾಯಾಲಯ ಇಷ್ಟು ಕಟುವಾದದ್ದೇಕೆ? ಈ ಅಪರಾಧದ ಸ್ವರೂಪವೇ ಅಂಥದು. ಮುಚ್ಚಿದ ಕೋಣೆಯಲ್ಲಿ ಒಂದು ಸನ್ನೆ ಸಾಕು, ಕೆಲಸ ಮುಗಿಯಿತು. ಹೇಳಿದವರೂ ಕೇಳಿದವರೂ ಬಾಯಿ ಬಿಡುವುದಿಲ್ಲ. ಹುಟ್ಟದೇ ಹೋದ ಮಗು ದೂರು ಕೊಡಲಾರದು. ಉಳಿಯುವ ಸಾಕ್ಷಿ ಕಾಗದವೊಂದೇ. ಎರಡು ಹೆಣ್ಣುಮಕ್ಕಳಿರುವ ತಾಯಿ, ಇಂತಿಷ್ಟು ವಾರದ ಗರ್ಭ, ಸ್ಕ್ಯಾನಿಂಗಿಗೆ ಕೊಟ್ಟ ಕಾರಣ. ಈ ಮೂರನ್ನೂ ಒಟ್ಟಿಗೆ ಓದಿದರೆ, ಮುಂದೆ ಆ ತಾಯಿಗೆ ಹೆರಿಗೆಯಾಯಿತೇ ಎಂದು ವಿಚಾರಿಸಿದರೆ ಸುಳಿವು ಸಿಗಬಹುದು. ಮಕ್ಕಳ ಲೆಕ್ಕ ಕೇಳುವ ಕಲಂ ಅಲ್ಲಿರುವುದು ಸುಮ್ಮನೆ ಅಲ್ಲ.

ಹಾಗೆಂದು ಎಲ್ಲ ಪಾಪವೂ ನಮೂನೆಯಲ್ಲಿ ಸಿಕ್ಕಿಬೀಳುವುದಿಲ್ಲ. 2023ರಲ್ಲಿ ಬೆಂಗಳೂರಿನ ಪೊಲೀಸರು ಭ್ರೂಣಹತ್ಯೆಯ ಜಾಲವೊಂದನ್ನು ಭೇದಿಸಿದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬ ಆರೋಪ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಯಾರು ‘ಎಫ್’ ನಮೂನೆ ತುಂಬುತ್ತಾರೆ? ನೋಂದಣಿ ಮಾಡಿಸಿ, ಫಲಕ ತೂಗುಹಾಕಿ ಕೂತವರ ಮೇಲಷ್ಟೇ ಕಣ್ಣಿದ್ದರೆ ಕದ್ದು ಮಾಡುವವರು ನಿಶ್ಚಿಂತರು ಎಂಬ ವೈದ್ಯರ ಮಾತಿನಲ್ಲಿ ಹುರುಳಿದೆ. ನೋಂದಣಿಯಿಲ್ಲದ ಯಂತ್ರ ಎಲ್ಲಿದೆ, ಅದು ಯಾರ ಕೈಗೆ ಹೋಯಿತು ಎಂದು ಹುಡುಕುವುದೂ ಇದೇ ಕಾಯ್ದೆಯ ಕೆಲಸ.

2011ರ ಜನಗಣತಿಯಂತೆ 6 ವರ್ಷದೊಳಗಿನ 1,000 ಗಂಡುಮಕ್ಕಳಿಗೆ ರಾಜ್ಯದಲ್ಲಿದ್ದ ಹೆಣ್ಣುಮಕ್ಕಳು 948. ವಿಜಯಪುರ ಜಿಲ್ಲೆಯಲ್ಲಿ 931. ಈ ಲೆಕ್ಕ ಎದುರಿಗಿರುವಾಗ ನಮೂನೆಯೇ ಬೇಡವೆನ್ನಲು ಯಾರಿಗೂ ಬಾಯಿ ಬರದು. ಆದರೆ ಅದು ತನ್ನ ಕೆಲಸ ಮಾಡಬೇಕಾದರೆ ಯಾರಾದರೂ ಅದನ್ನು ಓದಬೇಕು. ಪ್ರತಿಯೊಂದು ಕೇಂದ್ರವೂ ತಿಂಗಳ ವರದಿಯನ್ನು ಮುಂದಿನ ತಿಂಗಳ 5ರೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂಬುದು ನಿಯಮ. ಬಂದ ಕಾಗದದಲ್ಲಿ ಖಾಲಿ ಕಲಂ ಹುಡುಕುವುದು ಸುಲಭ. ತುಂಬಿದ ಕಲಂಗಳು ಏನು ಹೇಳುತ್ತಿವೆ ಎಂದು ನೋಡುವುದು ಕಷ್ಟ. ಸುಲಭದ ಕೆಲಸವಷ್ಟೇ ನಡೆದರೆ ಪ್ರಾಮಾಣಿಕ ವೈದ್ಯ ಹೆದರುತ್ತಾನೆ, ಕಳ್ಳ ಅಚ್ಚುಕಟ್ಟಾಗಿ ಬರೆಯುವುದನ್ನು ಕಲಿಯುತ್ತಾನೆ. ಕಷ್ಟದ ಕೆಲಸವೂ ನಡೆಯುತ್ತಿದೆಯೆಂಬ ಭರವಸೆ ಹುಟ್ಟಿದ ದಿನ, ಮೇಜಿನ ಮೇಲಿನ ಆ ಹೊರೆ ಏತಕ್ಕೆಂದು ವೈದ್ಯರನ್ನು ಒಪ್ಪಿಸುವುದು ಕಷ್ಟವಾಗಲಾರದು.